ತುಂಬಿದ ತೊಟ್ಟಿಯ ಫೋಟೋ

ಅರ್ಜಿ ಬರೆದವಳು ಒರ್ಪಾ. ಹದಿನಾಲ್ಕು ಪುಟದ ಆ ಅರ್ಜಿಯಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ಊರಿನ ಹಿರಿಯರಿಗೆ ಅವಮಾನವಾದದ್ದೇ ಅದರಿಂದ.

ಫಾತುನೆನೊ ತಿಮೋರಿನ ಒಣಬೆಟ್ಟವೊಂದರ ನೆತ್ತಿಯ ಮೇಲೆ ಕೂತ ಊರು. ಮೂವತ್ತೆಂಟು ಮನೆ. ನೀರಿನ ಒರತೆ ಇರುವುದು ಕೆಳಗೆ, ಕೊರಕಲಿನಲ್ಲಿ. ಖಾಲಿ ಕ್ಯಾನು ಹಿಡಿದು ಇಳಿಯಲು ಅರ್ಧ ಗಂಟೆ, ತುಂಬಿದ ಕ್ಯಾನು ಹೊತ್ತು ಹತ್ತಲು ಒಂದು ಗಂಟೆ. ಮಳೆಗಾಲ ಮುಗಿದ ಮೇಲೆ ಒರತೆಯೂ ಜಿಪುಣತನ ಮಾಡುತ್ತದೆ. ಕ್ಯಾನು ತುಂಬುವವರೆಗೆ ಅಲ್ಲೇ ಕಲ್ಲಿನ ಮೇಲೆ ಕೂತು ಕಾಯಬೇಕು. ಪಟ್ಟಣದ ಸಂಸ್ಥೆಯೊಂದು ಹಳ್ಳಿಯ ಸಂಘಗಳಿಗೆ ಅನುದಾನ ಕೊಡುತ್ತದೆ, ಪಂಪು ಪೈಪು ಅವರದು, ನೆಲ ಅಗೆಯುವ ಮೈಕೆಲಸ ಸಂಘದವರದು ಎಂಬ ಸುದ್ದಿ ಬಂದಾಗ ಊರವರು ಒಂದೇ ದಿನದಲ್ಲಿ ಸಂಘ ಕಟ್ಟಿದರು. ಊರ ಹಿರಿಯ ಮೆಸಾಕಜ್ಜ ಅಧ್ಯಕ್ಷನಾದ. ಹನ್ನೆರಡನೇ ತರಗತಿ ಓದಿದ ಒಬ್ಬಳೇ ಹೆಂಗಸು ಎಂಬ ತಪ್ಪಿಗೆ ಒರ್ಪಾ ಕಾರ್ಯದರ್ಶಿಯಾದಳು.

ಅವಳಿಗೆ ಪೈಪು ಬೇಕಿದ್ದದ್ದು ಊರಿಗಾಗಿ ಎಂದರೆ ಅರ್ಧ ಮಾತ್ರ ನಿಜ. ಗಂಡ ಮಲೇಷ್ಯಾದ ತಾಳೆ ತೋಟಕ್ಕೆ ಕೂಲಿಗೆ ಹೋಗಿ ಮೂರು ವರ್ಷವಾಗಿತ್ತು. ಮನೆಗೆ ನೀರು ಹೊರುತ್ತಿದ್ದವಳು ಅವಳ ತಾಯಿ ಸಾಲ್ಮಿ. ಮೇ ತಿಂಗಳಲ್ಲಿ ಮುದುಕಿ ಕೊರಕಲಿನ ದಾರಿಯಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಒರ್ಪಾ ಹೊಲವನ್ನೂ ನೋಡಬೇಕು, ತಾಯಿಯನ್ನೂ ನೋಡಬೇಕು. ಉಳಿದವಳು ಹನ್ನೆರಡು ವರ್ಷದ ಮಗಳು ನೆರ್ಸಿ. ಜುಲೈಯಲ್ಲಿ ಏಳನೇ ತರಗತಿಗೆ ಹೋಗಬೇಕಿದ್ದ ಹುಡುಗಿ ಕ್ಯಾನು ಹಿಡಿದು ಒರತೆಗೆ ಹೋದಳು. ದೊಡ್ಡ ಶಾಲೆಯ ನೀಲಿ ಲಂಗ ಹೊಲಿಸಿ ಆಗಿತ್ತು, ಮಡಿಚಿ ಪೆಟ್ಟಿಗೆಯಲ್ಲಿಟ್ಟರು. "ಪೈಪ್ ಬಂದ ಮಾರನೇ ದಿನಾನೇ ನೀನು ಶಾಲೆಗೆ" ಎಂದು ಒರ್ಪಾ ಮಾತು ಕೊಟ್ಟಿದ್ದಳು. ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರನ್ನು ಡಿಸೆಂಬರಿನವರೆಗೆ ಹೊಡೆಯುವುದಿಲ್ಲ ಎಂದು ಮೇಷ್ಟರೂ ಮಾತು ಕೊಟ್ಟಿದ್ದರು. ಒರ್ಪಾ ಹದಿನಾಲ್ಕು ಪುಟ ಬರೆದದ್ದು ಈ ಎರಡು ಮಾತಿನ ನಡುವೆ.

ಅರ್ಜಿಯನ್ನು ಕಳಿಸುವ ಮೊದಲು ಸಂಘದ ಸಭೆಯಲ್ಲಿ ಓದಿ ಹೇಳಬೇಕೆಂಬುದು ಸಂಸ್ಥೆಯ ನಿಯಮ. ಒರ್ಪಾ ಓದಿದಳು. ನಮ್ಮ ಊರಿನಲ್ಲಿ ವಾರಕ್ಕೊಮ್ಮೆ ಸ್ನಾನ. ಅಡುಗೆ ಪಾತ್ರೆಗಳನ್ನು ಬೂದಿಯಲ್ಲಿ ಒರೆಸಿ ಇಡುತ್ತೇವೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ನೀರಿಗಾಗಿ ಶಾಲೆ ಬಿಟ್ಟಿದ್ದಾಳೆ. ಹಿಂದೆ ಯಾವುದೋ ಯೋಜನೆಯವರು ಕಟ್ಟಿಸಿಹೋದ ಸಿಮೆಂಟಿನ ತೊಟ್ಟಿ ಒಂದು ದಿನವೂ ನೀರು ಕಂಡಿಲ್ಲ, ಅದರಲ್ಲಿ ಆಡು ಮಲಗುತ್ತದೆ. ಓದುತ್ತಾ ಹೋದಂತೆ ಸಭೆ ತಣ್ಣಗಾಯಿತು. ಗಂಡಸರು ನೆಲ ನೋಡಿದರು.

"ಇದನ್ನೆಲ್ಲ ಬರೀಲೇಬೇಕಿತ್ತೇನೇ?" ಎಂದು ಮೆಸಾಕಜ್ಜ ಕೇಳಿದ.

"ನಿಜ ತಾನೇ ಅಜ್ಜ?"

"ನಿಜಾನೇ. ಅಂಡಿನ ಮೇಲೆ ಕುರು ಆಗಿರೋದೂ ನಿಜ. ಹಂಗಂತ ಊರಿಗೆಲ್ಲ ತೋರಿಸ್ಕೊಂಡು ತಿರುಗ್ತೀವಾ?"

"ಊರಿಗೆ ಬೇಡ. ಡಾಕ್ಟರಿಗೆ ತೋರಿಸ್ಬೇಕಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಅಜ್ಜನೂ ನಕ್ಕು ಸಹಿ ಹಾಕಿದ. ಆದರೆ ಮುಳ್ಳು ಒಳಗೇ ಉಳಿದಿತ್ತು.

ಸೆಪ್ಟೆಂಬರಿನಲ್ಲಿ ಸಂಸ್ಥೆಯಿಂದ ಸಂದೇಶ ಬಂತು. ಅರ್ಜಿ ಒಪ್ಪಿಗೆಯಾಗಿದೆ, ಸ್ಥಳ ಪರಿಶೀಲನೆಯೊಂದು ಬಾಕಿ, ಸಂಘದವರ ಕಷ್ಟವನ್ನು ಕಣ್ಣಾರೆ ನೋಡಲು ಗುರುವಾರ ಇಬ್ಬರು ಬರುತ್ತಾರೆ. ಒರ್ಪಾ ಅದನ್ನು ಚರ್ಚಿನ ಅಂಗಳದಲ್ಲಿ ಗಟ್ಟಿಯಾಗಿ ಓದಿದಳು. ಊರಿನ ಕಿವಿಗೆ ಬಿದ್ದದ್ದು ಒಂದೇ ಮಾತು: ಅತಿಥಿಗಳು ಬರುತ್ತಿದ್ದಾರೆ.

ಆ ಬೆಟ್ಟದ ಮೇಲೆ ಅತಿಥಿಯೆಂದರೆ ಹುಡುಗಾಟವಲ್ಲ. ಊರ ಬಾಗಿಲಲ್ಲಿ ಕೈಕಾಲಿಗೆ ನೀರು ಕೊಡಬೇಕು. ಅಡಿಕೆ ತಟ್ಟೆ ಮುಂದಿಟ್ಟ ಗಳಿಗೆಯಿಂದ ಅತಿಥಿ ಊರು ದಾಟುವವರೆಗೆ ಯಾರ ಬಾಯಲ್ಲೂ 'ಇಲ್ಲ' ಎಂಬ ಮಾತು ಬರಬಾರದು. ಇಲ್ಲ ಎಂದರೆ ಅವರು ತಿಂದದ್ದನ್ನು ವಾಪಸು ಕೇಳಿದ ಹಾಗೆ. ಹಾಗೆ ಅಂದ ಮನೆಯ ಜೋಳಕ್ಕೆ ಅಟ್ಟದಲ್ಲೇ ಹುಳ ಬೀಳುತ್ತದೆ. ಇಲ್ಲದವರಿಗೆ ಇದೆಲ್ಲ ಯಾಕೆ ಬೇಕು ಎಂದು ಕೇಳಬೇಡಿ. ಇಂಥ ಕಟ್ಟಳೆ ಮಾಡಿಟ್ಟವರೇ ಇಲ್ಲದವರು. ಉಳ್ಳವರಿಗೆ ಇದರ ಅಗತ್ಯವೇ ಬೀಳುವುದಿಲ್ಲ.

"ಮೊದಲು ಆ ತೊಟ್ಟಿ" ಎಂದಳು ಪಕ್ಕದ ಮನೆಯ ಲಿಬ್ರಿನಾ. "ಆಡಿನ ಹಿಕ್ಕೆ ತೋರಿಸೋದಾ ಬಂದೋರಿಗೆ? ಥೂ!"

"ಗುಡಿಸೋಣ, ಸುಣ್ಣ ಬಳಿಯೋಣ" ಎಂದ ಇನ್ನೊಬ್ಬ.

"ಖಾಲಿ ತೊಟ್ಟಿಗೆ ಸುಣ್ಣ ಬಳಿದ್ರೆ ಗೋರಿ ಇದ್ದಂಗೆ ಇರತ್ತೆ" ಎಂದ ಮೆಸಾಕಜ್ಜ. "ತುಂಬಿಸ್ಬೇಕು. ಮನೆಗೆ ಹತ್ತು ಕ್ಯಾನು."

ಒರ್ಪಾ ಎದ್ದು ನಿಂತಳು. "ಅಜ್ಜ, ಅವರು ಬರ್ತಿರೋದೇ ನೀರಿಲ್ಲ ಅನ್ನೋದನ್ನ ನೋಡೋಕೆ. ತೊಟ್ಟಿ ತುಂಬಿದ್ರೆ ಪೈಪ್ ಯಾಕೆ ಕೊಡ್ತಾರೆ?"

"ನೀನು ಅರ್ಜೀಲಿ ಬರ್ದಿದೀಯಲ್ಲ, ಹದಿನಾಲ್ಕು ಪುಟ. ಓದಿರ್ತಾರೆ. ಓದು ಬರ್ತದೆ ತಾನೇ ಅವ್ರಿಗೆ?"

"ಓದಿದ್ದು ನಿಜಾನಾ ಅಂತ ನೋಡೋಕೇ ಬರೋದು!"

"ಅಂದ್ರೆ ನಮ್ಮ ಮಾತು ನಂಬದೋರಾ?" ಅಜ್ಜನ ಹುಬ್ಬು ಮೇಲೇರಿತು. "ನಂಬದೋರಾದ್ರೆ ಇನ್ನೂ ಚೆನ್ನಾಗಿ ನೋಡ್ಕೋಬೇಕು."

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!" ಎಂದುಬಿಟ್ಟಳು ಒರ್ಪಾ. ಯಾರೂ ನಗಲಿಲ್ಲ. ಲಿಬ್ರಿನಾ ಮಾತ್ರ, "ಓದಿದೋಳು ನೋಡಿ, ಬಾಯಿ ದೊಡ್ಡದು" ಎಂದು ಗೊಣಗಿದಳು.

ಭಾನುವಾರದಿಂದ ಬುಧವಾರದವರೆಗೆ ಊರಿಗೆ ಊರೇ ಕೊರಕಲಿಗೆ ಇಳಿಯಿತು. ಒರತೆಯ ಬಳಿ ಸಾಲು ನಿಂತಿತು. ಬಾಣಂತಿಯೊಬ್ಬಳು ಮಗುವನ್ನು ಅತ್ತೆಗೆ ಕೊಟ್ಟು ನೀರು ಹೊತ್ತಳು. ಒರ್ಪಾ ಕೂಡ ಹೊತ್ತಳು. ಬೈಯುತ್ತಲೇ ಹೊತ್ತಳು, ಆದರೆ ಹೊತ್ತಳು. ತನ್ನ ಮನೆಯ ಪಾಲಿನ ಹತ್ತು ಕ್ಯಾನು ಹಾಕದವಳ ತಾಯಿ ನಾಳೆ ಸತ್ತರೆ ಹೆಗಲು ಕೊಡಲು ಯಾರು ಬರುತ್ತಾರೆ? ನೆರ್ಸಿಯಂತೂ ಮನೆಯ ಪಾಲು ಮುಗಿದ ಮೇಲೂ ನಿಲ್ಲಿಸಲಿಲ್ಲ. ಕೈಯಲ್ಲಿ ಬೊಬ್ಬೆ ಎದ್ದಿತ್ತು. "ಅಮ್ಮ, ತೊಟ್ಟೀಲಿ ನನ್ನ ಮುಖ ಕಾಣ್ಸತ್ತೆ ಈಗ" ಎಂದು ಓಡಿಬಂದು ಹೇಳಿದಾಗ ಹುಡುಗಿಯ ಕಣ್ಣಲ್ಲಿದ್ದ ಸಂತೋಷ ನೋಡಿ ಒರ್ಪಾಗೆ ಅವಳನ್ನು ಬೈಯಲೂ ಬಾಯಿ ಬರಲಿಲ್ಲ.

ಅವಳಿಗೆ ಉಳಿದಿದ್ದ ದಾರಿ ಎರಡು. ಬಂದವರನ್ನು ಒರತೆಗೆ ಕರೆದುಕೊಂಡು ಹೋಗಿ ತೋರಿಸುವುದು. ಅದು ಆಗದಿದ್ದರೆ ಒಳಗೆ ಮಲಗಿದ್ದ ತಾಯಿಯನ್ನು ತೋರಿಸುವುದು. ಬುಧವಾರ ಸಂಜೆ ತಾಯಿಯ ಪಕ್ಕ ಕೂತು ಮೆಲ್ಲಗೆ ಕೇಳಿದಳು.

"ನಂಗೆ ಹಾಸಿಗೇಲೇ ಎಲ್ಲ ಆಗತ್ತೆ" ಎಂದಳು ಸಾಲ್ಮಿ ಗೋಡೆ ಕಡೆ ತಿರುಗಿ. "ಈ ವಾಸನೇಲಿ ಪರ ಗಂಡಸನ್ನ ಕರ್ಕೊಂಡ್ ಬಂದು ನಿಲ್ಲಿಸ್ತೀಯಾ? ನನ್ನ ತೋರಿಸಿ ತರೋ ಪೈಪಿನ ನೀರು ನಂಗೆ ಬೇಡ ಮಗಳೇ." ಒರ್ಪಾ ತಾಯಿಯ ಬೆನ್ನು ಒರೆಸಿ, ಹಾಸಿಗೆ ಸರಿಮಾಡಿ ಎದ್ದು ಬಂದಳು.

ಗುರುವಾರ ಹತ್ತು ಗಂಟೆಗೆ ಸಂಸ್ಥೆಯ ಜೀಪು ಬಂತು. ಇಳಿದವರು ಇಬ್ಬರು, ಬೆನ್ಯಾ ಎಂಬ ನಡುವಯಸ್ಸಿನ ಅಧಿಕಾರಿ ಮತ್ತು ಫೋಟೋ ತೆಗೆಯಲು ಒಬ್ಬಳು ಹುಡುಗಿ. ಬೆನ್ಯಾ ಕೆಟ್ಟವನಾಗಿದ್ದರೆ ಒರ್ಪಾಗೆ ಎಷ್ಟೋ ಸುಲಭವಾಗುತ್ತಿತ್ತು. ಅವನು ಒಳ್ಳೆಯ ಮನುಷ್ಯ. ಮುದುಕರ ಎದುರು ತಲೆ ತಗ್ಗಿಸಿ ನಿಂತ, ಅವರು ಸಾಲಾಗಿ ನಿಂತು ಸ್ವಾಗತದ ಪಾಠ ಹೇಳಿ ಮುಗಿಸುವವರೆಗೆ ಬಿಸಿಲಲ್ಲೇ ಕಾದ, ಕೊರಳಿಗೆ ಹಾಕಿದ ನೇಯ್ದ ಶಾಲನ್ನು ಕೊನೆಯವರೆಗೂ ತೆಗೆಯಲಿಲ್ಲ. ಲಿಬ್ರಿನಾ ತುಂಬಿದ ಕೊಡದಿಂದ ಅವರ ಕೈಗೆ, ಪಾದಕ್ಕೆ ಧಾರಾಳವಾಗಿ ನೀರು ಸುರಿದಳು. ಸುರಿದ ನೀರು ಧೂಳಿನಲ್ಲಿ ಹರಿದು ಇಂಗಿತು. ಅರ್ಧ ಕ್ಯಾನು, ಎಂದು ಒರ್ಪಾ ಮನಸ್ಸಿನಲ್ಲೇ ಅಂದುಕೊಂಡಳು.

ಅಡಿಕೆ ತಟ್ಟೆ ಮುಂದೆ ಬಂತು. ಅಲ್ಲಿಗೆ ಊರಿನ ಬಾಯಿಗೆ ಬೀಗ ಬಿತ್ತು.

"ಒರತೆ ನೋಡ್ಬೇಕಿತ್ತಲ್ಲ" ಎಂದ ಬೆನ್ಯಾ.

ಒರ್ಪಾ ತಟ್ಟನೆ ಎದ್ದಳು. "ಬನ್ನಿ ಸಾರ್, ನಾನು..."

"ಕೂತ್ಕೋ ಮಗಳೇ" ಎಂದ ಮೆಸಾಕಜ್ಜ ನಗುತ್ತಲೇ. "ಸಾರ್, ಈ ಬಿಸಿಲಲ್ಲಿ ನಿಮ್ಮನ್ನ ಆ ಕೊರಕಲಿಗೆ ಇಳಿಸಿ, ನೀವು ಜಾರಿ ಬಿದ್ರೆ ನಾವು ಯಾವ ಮುಖ ಹೊತ್ಕೊಂಡು ಬದುಕೋದು? ಹಂದಿ ಬೆಂದಿದೆ. ಊಟ ಮಾಡಿ. ನೀರು ಇಲ್ಲೇ ಇದೆ ನೋಡಿ."

ನೀರು ಅಲ್ಲೇ ಇತ್ತು. ಸುಣ್ಣ ಬಳಿದ ತೊಟ್ಟಿ, ಅಂಚಿನವರೆಗೆ ತುಂಬಿ, ಆಕಾಶವನ್ನು ಹೊತ್ತು ನಿಂತಿತ್ತು. ಜೊತೆಗೆ ಬಂದ ಹುಡುಗಿ ಎಡದಿಂದ, ಬಲದಿಂದ ಫೋಟೋ ತೆಗೆದಳು. ಬೆನ್ಯಾ ಬೊಗಸೆಯಲ್ಲಿ ಎತ್ತಿ ಕುಡಿದ. "ಏನು ತಣ್ಣಗಿದೆ!" ಎಂದ. ಊರೆಲ್ಲ ಹಿಗ್ಗಿತು. ಬಾಣಂತಿ ಕೂಡ ಹಿಗ್ಗಿದಳು.

"ಅರ್ಜೀಲಿ ಈ ತೊಟ್ಟಿ ಖಾಲಿ ಅಂತ ಇತ್ತಲ್ಲ?" ಬೆನ್ಯಾ ಕಾಗದ ತಿರುವಿದ.

"ಆಗ ಖಾಲಿ ಇತ್ತು ಸಾರ್. ಸಂಘ ಆದ್ಮೇಲೆ ಎಲ್ಲ ಸೇರಿ ತುಂಬಿಸಿದ್ವಿ" ಎಂದ ಅಜ್ಜ. ಅದರಲ್ಲೂ ಸುಳ್ಳಿರಲಿಲ್ಲ. ಬೆನ್ಯಾ ಮೆಚ್ಚಿ ತಲೆಯಾಡಿಸಿ ಏನೋ ಬರೆದುಕೊಂಡ.

ಮಕ್ಕಳೆಲ್ಲ ಹಾಡಲು ಯೂನಿಫಾರ್ಮಿನಲ್ಲಿ ಸಾಲು ನಿಂತಿದ್ದರು. ಸಾಲಿನ ಕೊನೆಯಲ್ಲಿ ನೀಲಿ ಲಂಗ ತೊಟ್ಟ ನೆರ್ಸಿಯನ್ನು ಕಂಡು ಒರ್ಪಾ ದಂಗಾದಳು. ಪೆಟ್ಟಿಗೆಯಿಂದ ಅದನ್ನು ತೆಗೆದುಕೊಟ್ಟವಳು ಲಿಬ್ರಿನಾ. ಹಾಡುವ ಮಕ್ಕಳ ನಡುವೆ ಒಬ್ಬಳು ಹರಕು ಫ್ರಾಕಿನಲ್ಲಿ ನಿಂತರೆ ಚೆನ್ನಾಗಿರುತ್ತದೆಯೇ? ಹಾಡು ಮುಗಿದ ಮೇಲೆ ಬೆನ್ಯಾ ಮಕ್ಕಳ ಬಳಿ ಬಂದು, "ಶಾಲೆ ಬಿಟ್ಟ ಹುಡುಗಿ ಅಂತ ಬರ್ದಿದ್ರಲ್ಲ, ಯಾರು?" ಎಂದು ಕೇಳಿದ. ಯಾರೂ ಉಸಿರೆತ್ತಲಿಲ್ಲ. ಅವನು ಎತ್ತರದವಳೆಂದು ನೆರ್ಸಿಯ ಕಡೆ ತಿರುಗಿದ. "ನೀನು ಯಾವ ಕ್ಲಾಸಮ್ಮಾ?"

ನೆರ್ಸಿ ಅಮ್ಮನ ಮುಖ ನೋಡಿದಳು. ಆಮೇಲೆ ಮೆಸಾಕಜ್ಜನ ಮುಖ. ಅಡಿಕೆ ತಟ್ಟೆ ಇನ್ನೂ ಎತ್ತಿರಲಿಲ್ಲ. ಶಾಲೆಗೆ ಹೋಗುತ್ತಾ ಇಲ್ಲ ಎನ್ನಲು ಆ 'ಇಲ್ಲ' ಬೇಕು.

"ಏಳನೇ ಕ್ಲಾಸು ಸಾರ್."

"ಭೇಷ್! ಓದು, ಚೆನ್ನಾಗಿ ಓದು." ಬೆನ್ಯಾ ಅವಳ ತಲೆ ಸವರಿ ಕಾಗದದ ಮೇಲೆ ಒಂದು ಗೀಟು ಹಾಕಿದ. ಆ ಗೀಟು ಒರ್ಪಾಗೆ ಅಷ್ಟು ದೂರದಿಂದಲೂ ಕಂಡಿತು.

ತೊಟ್ಟಿಯ ಎದುರಿಗಿದ್ದ ಒರ್ಪಾಳ ಮನೆಯಂಗಳದಲ್ಲಿ ಊಟವಾಯಿತು. ಹಂದಿ ಮಾಂಸ, ಜೋಳದ ಗಂಜಿ, ಮೇಲೆ ಕಾಫಿ. ಕೊನೆಯಲ್ಲಿ ಬೆನ್ಯಾ ಪೆನ್ನು ಹಿಡಿದು ನೇರ ಒರ್ಪಾಳನ್ನೇ ಕೇಳಿದ. "ಕಾರ್ಯದರ್ಶಿಗಳು ನೀವು. ನೀವು ಹೇಳಿ. ಈಗ್ಲೂ ಕಷ್ಟ ಇದೆಯಾ?"

ಇಡೀ ಊರು ಅವಳನ್ನು ನೋಡಿತು. ಒಳಮನೆಯಿಂದ ಏನೂ ಸದ್ದಿರಲಿಲ್ಲ. ಅಲ್ಲಿ ತಾಯಿ ನರಳುವುದು ಹೊರಗೆ ಕೇಳಬಾರದೆಂದು ಬಾಯಿಗೆ ಬಟ್ಟೆ ತುರುಕಿಕೊಂಡು ಮಲಗಿದ್ದಾಳೆಂದು ಒರ್ಪಾಗೆ ಗೊತ್ತಿತ್ತು. ಹೇಳಬೇಕಾದ ಮಾತನ್ನು ಅವಳು ನಾಲ್ಕು ದಿನದಿಂದ ನೀರು ಹೊರುತ್ತಾ ಬಾಯಿಪಾಠ ಮಾಡಿದ್ದಳು. ಸಾರ್, ಇದು ಇವತ್ತೊಂದು ದಿನಕ್ಕೆ ಅಂತ ಹೊತ್ತು ತಂದ ನೀರು. ಅಷ್ಟೇ ಮಾತು. ಆದರೆ ಅಜ್ಜ ಅಡಿಕೆ ತಟ್ಟೆಯನ್ನೇ ನೋಡುತ್ತಿದ್ದ. ಲಿಬ್ರಿನಾ ಕಣ್ಣು ಮುಚ್ಚಿದ್ದಳು. ಕೈಗೆ ಬೊಬ್ಬೆ ಬಂದ ಅಷ್ಟೂ ಜನರ ಮಾನ ಅವಳ ನಾಲಿಗೆಯ ಮೇಲಿತ್ತು.

"ಸ್ವಲ್ಪ ಕಷ್ಟ ಇದೆ ಸಾರ್" ಎಂದಳು. ಎಂದವಳು, ದೇವರೇ, ನಕ್ಕಳು. ಅಭ್ಯಾಸಬಲ.

"ಕಷ್ಟ ಯಾರಿಗಿಲ್ಲ!" ಎಂದು ಬೆನ್ಯಾನೂ ನಕ್ಕ. ಜೀಪು ಹತ್ತುವಾಗ ಅವನ ಕಣ್ಣು ತೇವವಾಗಿತ್ತು. "ಇಂಥ ಊರು ನಾನು ನೋಡಿರ್ಲಿಲ್ಲ ಅಜ್ಜ" ಎಂದ.

ಜೀಪಿನ ಧೂಳು ಇಳಿಯುವ ಮೊದಲೇ ಹೆಂಗಸರು ಕ್ಯಾನು ಹಿಡಿದು ತೊಟ್ಟಿಗೆ ಮುತ್ತಿದರು. ಸುರಿದ ನೀರನ್ನು ಮತ್ತೆ ಮನೆಮನೆಗೆ ಹಂಚಿಕೊಂಡರು. ಸಂಜೆಯ ಹೊತ್ತಿಗೆ ಆಡು ತೊಟ್ಟಿಯಲ್ಲಿ ಮಲಗಿತ್ತು.

ಎರಡು ದಿನ ಒರ್ಪಾ ನಿದ್ದೆಗೆಟ್ಟಳು. ಮೂರನೆಯ ದಿನ ಸಿಗ್ನಲ್ ಸಿಗುವ ಚರ್ಚಿನ ಅಂಗಳಕ್ಕೆ ಹೋಗಿ ಬೆನ್ಯಾಗೆ ಫೋನು ಮಾಡಿದಳು. ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. ತೊಟ್ಟಿ, ಕ್ಯಾನು, ನೆರ್ಸಿ, ನೀಲಿ ಲಂಗ, ತಾಯಿ. ಫೋನಿನಲ್ಲಿ ಬೆನ್ಯಾಗೆ ಅಡಿಕೆ ಕೊಡಬೇಕಿಲ್ಲವಲ್ಲ, ಮಾತು ಸಲೀಸಾಗಿ ಬಂತು.

ಆ ಕಡೆ ಕಾಗದ ತಿರುವುವ ಸದ್ದು ಕೇಳಿಸಿತು.

"ಅವತ್ತೇ ಯಾಕ್ ಹೇಳ್ಲಿಲ್ಲ ಒರ್ಪಾ ಅವ್ರೇ?"

"ಹೇಳೋಕ್ ಆಗ್ಲಿಲ್ಲ ಸಾರ್."

"ವರದಿ ಹೋಗ್ಬಿಟ್ಟಿದೆ. ಫೋಟೋ ಸಮೇತ. ನಾನು ನಾಡಿದ್ದು ಆಫೀಸಿಗೆ ಹೋಗಿ, ಆ ನೀರು ತೋರಿಸೋಕೆ ತುಂಬಿಸಿದ್ದು ಅಂದ್ರೆ ಏನಾಗತ್ತೆ ಗೊತ್ತಾ? ಸಂಘದವ್ರು ಪರಿಶೀಲನೆಗೆ ಬಂದೋರಿಗೆ ಮೋಸ ಮಾಡಿದ್ರು ಅಂತ ಬರೀತಾರೆ. ಐದು ವರ್ಷ ನಿಮ್ಮೂರು ಅರ್ಜೀನೇ ಹಾಕೋ ಹಾಗಿಲ್ಲ. ನಿಯಮ ಅದು."

"ಮೋಸ ಅಲ್ಲ ಸಾರ್. ಮರ್ಯಾದೆ."

"ನಂಗೆ ಗೊತ್ತಮ್ಮ" ಎಂದ ಬೆನ್ಯಾ. ಅವನ ದನಿ ಸಣ್ಣದಾಯಿತು. "ಫಾರಂನಲ್ಲಿ ಆ ಕಾಲಂ ಇಲ್ಲ. ಹೇಳಿ, ಏನು ಮಾಡ್ಲಿ? ನೀವು ಹೇಳಿದ ಹಾಗೆ ಮಾಡ್ತೀನಿ."

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಊರಿಗೆ ಊರೇ ಸುಳ್ಳುಗಾರರು. ಹೇಳದಿದ್ದರೆ ಪೈಪು ಇಲ್ಲ. ಮೆಸಾಕಜ್ಜನ ಹೆಸರಿನ ಮುಂದೆ 'ಮೋಸ' ಎಂದು ಬರೆದ ಕಾಗದ ಪಟ್ಟಣದ ಕಪಾಟಿನಲ್ಲಿ ಕೂತಿರುವುದನ್ನು ಒರ್ಪಾ ಕಣ್ಣ ಮುಂದೆ ತಂದುಕೊಂಡಳು. "ಇರ್ಲಿ ಬಿಡಿ ಸಾರ್" ಎಂದಳು. ಫೋನು ಇಟ್ಟ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಕೂತು ಅತ್ತಳು. ತನ್ನ ಮೇಲೆ ಸಿಟ್ಟು, ಅಜ್ಜನ ಮೇಲೆ ಸಿಟ್ಟು, ಒಳ್ಳೆಯವನಾದ ಬೆನ್ಯಾನ ಮೇಲಂತೂ ಎಲ್ಲರಿಗಿಂತ ಹೆಚ್ಚು ಸಿಟ್ಟು.

ಅಕ್ಟೋಬರಿನ ಕೊನೆಯಲ್ಲಿ ಪತ್ರ ಬಂತು. ಸಂಘದವರೆಲ್ಲ ಅಂಗಳದಲ್ಲಿ ಸೇರಿದರು. ಒರ್ಪಾ ಓದಿದಳು. ಫಾತುನೆನೊ ಸಂಘವು ಸ್ವಂತ ಶ್ರಮದಿಂದ ನೀರಿನ ಕೊರತೆಯನ್ನು ನೀಗಿಸಿಕೊಂಡಿರುವುದು ಶ್ಲಾಘನೀಯ. ಆದ್ದರಿಂದ ಈ ಸಾಲಿನ ಅನುದಾನವನ್ನು ಹೆಚ್ಚು ಕಷ್ಟದಲ್ಲಿರುವ ಹಳ್ಳಿಗಳಿಗೆ ಕೊಡಲು ತೀರ್ಮಾನಿಸಲಾಗಿದೆ. ತಮ್ಮ ಊರನ್ನು ಮಾದರಿ ಗ್ರಾಮವೆಂದು ಆರಿಸಲಾಗಿದ್ದು, ಬೇರೆ ಹಳ್ಳಿಗಳ ಸಂಘದವರು ತಿಂಗಳಿಗೊಮ್ಮೆ ತಮ್ಮಲ್ಲಿಗೆ ಬಂದು ಕಲಿತು ಹೋಗುತ್ತಾರೆ. ಮೊದಲ ತಂಡ, ಇಪ್ಪತ್ತು ಮಂದಿ, ಮುಂದಿನ ಗುರುವಾರ.

ಪತ್ರದ ಜೊತೆ ಒಂದು ಫೋಟೋ ಇತ್ತು, ದೊಡ್ಡದು, ಬಣ್ಣದ್ದು. ಬಿಳಿ ತೊಟ್ಟಿ, ತುಂಬಿದ ನೀರು, ಪಕ್ಕದಲ್ಲಿ ನೀಲಿ ಲಂಗದ ನೆರ್ಸಿ ನಗುತ್ತಾ ನಿಂತಿದ್ದಾಳೆ.

ಮಳೆ ಇನ್ನೂ ಒಂದೂವರೆ ತಿಂಗಳು ದೂರವಿತ್ತು. ಒರತೆ ಬೆರಳು ಗಾತ್ರಕ್ಕೆ ಇಳಿದಿತ್ತು.

"ಇಪ್ಪತ್ತು ಜನ" ಎಂದಳು ಲಿಬ್ರಿನಾ. "ಕೈಕಾಲಿಗೇ ಐದು ಕ್ಯಾನು ಬೇಕು."

"ಬರಬೇಡಿ ಅಂತ ಬರೀತೀನಿ ಅಜ್ಜ" ಎಂದಳು ಒರ್ಪಾ. "ಅವರು ಬರೋದು ನೀರು ಹೇಗೆ ತಂದ್ರಿ ಅಂತ ಕಲಿಯೋಕೆ. ಏನು ಕಲಿಸ್ತೀರಿ? ಅವರಿಗೂ ನೀರಿಲ್ಲ, ಪಾಪ."

ಮೆಸಾಕಜ್ಜ ಫೋಟೋವನ್ನೇ ನೋಡುತ್ತಾ ಕೂತಿದ್ದ. ಒಂದೇ ತಿಂಗಳಲ್ಲಿ ಅವನು ಮುದುಡಿಹೋದ ಹಾಗೆ ಕಂಡ. "ನೀನು ಅವತ್ತು ಹೇಳಿದ್ದು ಸರಿ ಮಗಳೇ. ನನ್ನ ತಪ್ಪು. ನೆರ್ಸಿಗೆ ನಾನೇ ಅನ್ಯಾಯ ಮಾಡ್ದೆ." ಊರ ಎದುರು ಅವನು ತಪ್ಪು ಒಪ್ಪಿಕೊಂಡದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ. ಒರ್ಪಾಳ ಸಿಟ್ಟು ಅಲ್ಲೇ ಕರಗಿಹೋಯಿತು, ಅದೊಂದಾದರೂ ಉಳಿದಿದ್ದರೆ ಚೆನ್ನಾಗಿತ್ತು ಎನ್ನಿಸಿತು. "ಆದ್ರೆ ಬರ್ತೀವಿ ಅಂದೋರಿಗೆ ಬರಬೇಡಿ ಅನ್ನೋಕೆ ನಂಗೆ ಬಾಯಿಲ್ಲ. ಹೇಳೋರು ಯಾರಾದ್ರೂ ಇದ್ರೆ ಹೇಳಿ. ನಾನು ತಡೆಯಲ್ಲ."

ಒರ್ಪಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಾಣಂತಿ ಮಗುವಿನ ಕಡೆ ಬಾಗಿದಳು. ಲಿಬ್ರಿನಾ ತಲೆ ತಗ್ಗಿಸಿದಳು. ಒರ್ಪಾ ಪೆನ್ನು ತೆಗೆದು, ಪತ್ರದ ಹಿಂಬದಿಯ ಉತ್ತರದ ಚೀಟಿಯಲ್ಲಿ ಬರೆದಳು: ತಮ್ಮ ಬರವಿಗಾಗಿ ಊರೆಲ್ಲ ಕಾಯುತ್ತಿದ್ದೇವೆ. ಇದು ಅವಳು ಸಂಸ್ಥೆಗೆ ಬರೆದ ಮೊದಲ ಸುಳ್ಳು.

ಮನೆಗೆ ಬಂದಾಗ ನೆರ್ಸಿ ಬಾಗಿಲಲ್ಲಿ ಕೂತಿದ್ದಳು. ಫೋಟೋವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಪೈಪು?"

"ಇಲ್ಲ" ಎಂದಳು ಒರ್ಪಾ. ಆ ಮಾತು ಈಗ ಎಷ್ಟು ಸುಲಭವಾಗಿ ಬಂತು!

ನೆರ್ಸಿ ಅಳಲಿಲ್ಲ. "ಗುರುವಾರ ಬರೋರು ಬಂದಾಗ ನಾನು ನೀಲಿ ಲಂಗ ಹಾಕ್ಕೋಬೇಕಾ ಅಮ್ಮ?"

"ಹಾಕ್ಕೋಬೇಕಾಗತ್ತೆ ಮಗಳೇ. ಫೋಟೋದಲ್ಲಿ ನೋಡಿರ್ತಾರೆ."

"ಹಾಗಾದ್ರೆ ಒಗೀಬೇಕು. ಅವತ್ತು ಹಂದಿ ಸಾರು ಬಿದ್ದು ಕಲೆ ಆಗಿದೆ." ಹುಡುಗಿ ಎದ್ದು ಎರಡು ಕ್ಯಾನು ತೆಗೆದುಕೊಂಡಳು. ಸ್ವಲ್ಪ ಯೋಚಿಸಿ, ಲಂಗ ಒಗೆಯಲೆಂದು ಮೂರನೆಯದನ್ನೂ ಹೆಗಲಿಗೆ ಹಾಕಿಕೊಂಡು ಕೊರಕಲಿನ ದಾರಿ ಇಳಿದಳು.